ಮುಳ್ಳು ಸೊನ್ನೆಗೆ ಬಿದ್ದ ರಾತ್ರಿ

ವೆಲ್ಡಿಂಗ್ ಜಾಯಿಂಟ್‌ಗಳ ರೇಡಿಯೋಗ್ರಫಿ ನನ್ನ ಕೆಲಸ. ವಿಕಿರಣ ಸೂಸುವ ಇರಿಡಿಯಂ-192 ಸೋರ್ಸ್ ಇಟ್ಟು, ಪೈಪಿನೊಳಗಿನ ಬಿರುಕನ್ನು ಫಿಲ್ಮ್ ಮೇಲೆ ಹಿಡಿಯುತ್ತೇವೆ. ಟ್ರೈನಿ ಆಗಿದ್ದಾಗ ಒಂದು ರಾತ್ರಿ ಸೋರ್ಸನ್ನು ಕ್ಯಾಮೆರಾದೊಳಗೆ (ವಿಕಿರಣ ತಡೆಯುವ ಅದರ ಪೆಟ್ಟಿಗೆಗೆ ನಾವು ಹೇಳುವ ಹೆಸರು) ವಾಪಸ್ ಎಳೆದು, ವಿಕಿರಣ ಅಳೆಯುವ ಹಳೆಯ ಗೈಗರ್ ಮೀಟರ್ ಹಿಡಿದು ಹೊರಟೆ. ಮುಳ್ಳು ಏರಿತು, ಇನ್ನೂ ಏರಿತು, ಆಮೇಲೆ ಸೊನ್ನೆಗೆ ಬಿತ್ತು. ಸದ್ಯ, ಸೋರ್ಸ್ ಒಳಗೆ ಹೋಯಿತು ಅಂದುಕೊಂಡು ಮತ್ತೊಂದು ಹೆಜ್ಜೆ ಇಟ್ಟೆ.

"ನಿಲ್ಲೋ! ವಾಪಸ್ ಬಾ!"

ದೂರದಲ್ಲಿದ್ದ ಸೀನಿಯರ್ ಕೈಯಲ್ಲಿದ್ದ ಮೀಟರ್ ಇನ್ನೂ ಜಾಸ್ತಿಯೇ ತೋರಿಸುತ್ತಿತ್ತು. ಸೋರ್ಸ್ ಹೋಗಿಬರುವ ಕೊಳವೆಯಲ್ಲೇ, ಅಂದರೆ ಗೈಡ್ ಟ್ಯೂಬಿನಲ್ಲೇ, ಅದು ಸಿಕ್ಕಿಕೊಂಡಿತ್ತು.

ಅದನ್ನು ಸರಿಪಡಿಸಿದ ಮೇಲೆ, ಬೆಳಗಿನ ಜಾವ ಟೀ ಕುಡಿಯುತ್ತಾ ಅವರು ಎಕ್ಸ್‌ಪ್ಲೋರರ್-1ರ ಕಥೆ ಹೇಳಿದರು. 1958ರ ಜನವರಿ 31ರಂದು ಹಾರಿದ ಅಮೆರಿಕದ ಮೊದಲ ಉಪಗ್ರಹ ಅದು. ತೂಕ ಸುಮಾರು 14 ಕೆ.ಜಿ. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣ ಎಣಿಸಲು ಅಯೋವಾ ವಿಶ್ವವಿದ್ಯಾಲಯದ ಜೇಮ್ಸ್ ವ್ಯಾನ್ ಅಲೆನ್ ತಂಡ ಅದರಲ್ಲಿ ಗೈಗರ್ ಟ್ಯೂಬ್ ಇಟ್ಟಿತ್ತು. ಕೆಳಗಿದ್ದಾಗ ಸೆಕೆಂಡಿಗೆ 30ರ ಆಸುಪಾಸು ಎಣಿಕೆ, ಸರಿಯಾಗಿಯೇ ಇತ್ತು. ದಕ್ಷಿಣ ಅಮೆರಿಕದ ಮೇಲೆ ತುಂಬಾ ಎತ್ತರಕ್ಕೆ ಹೋದಾಗ ಮಾತ್ರ ಸೊನ್ನೆ! ಕಿರಣ ಇಲ್ಲದ ಜಾಗ ಇರುವುದುಂಟೇ?

ಉಪಗ್ರಹ ಕಣ್ಣಿಗೆ ಬೀಳುವ ಸ್ಟೇಷನ್‌ಗಳಿಗೆ ಮಾತ್ರ ಮಾಹಿತಿ ಸಿಗುತ್ತಿತ್ತು, ಹಾಗಾಗಿ ಚಿತ್ರ ತುಂಡು ತುಂಡು. ಮಾರ್ಚ್ 26ಕ್ಕೆ ಹಾರಿದ ಎಕ್ಸ್‌ಪ್ಲೋರರ್-3ರಲ್ಲಿ ಟೇಪ್ ರೆಕಾರ್ಡರ್ ಇತ್ತು. ಅದರ ಗೆರೆಯಲ್ಲಿ ಏರಿಕೆ, ಸೊನ್ನೆ, ಮತ್ತೆ ಏರಿಕೆ. ನನ್ನ ಮುಳ್ಳಿನ ಹಾಗೆಯೇ, ಅಲ್ವಾ?

ವ್ಯಾನ್ ಅಲೆನ್ ತಂಡದ ಕಾರ್ಲ್ ಮ್ಯಾಕ್‌ಇಲ್‌ವೇನ್ ಅಂಥದೇ ಟ್ಯೂಬನ್ನು ಎಕ್ಸ್‌ರೇ ಯಂತ್ರದ ಮುಂದಿಟ್ಟು ನೋಡಿದರು. ಒಂದು ಕಣ ಬಡಿದ ಮೇಲೆ ಟ್ಯೂಬ್ ಚೇತರಿಸಿಕೊಳ್ಳಲು ಚೂರು ಹೊತ್ತು ಬೇಕು. ಅಷ್ಟರೊಳಗೆ ಮತ್ತೆ ಮತ್ತೆ ಬಡಿದರೆ ಬರುವ ಪಲ್ಸ್ ತೀರಾ ಸಣ್ಣದು, ಎಣಿಸುವ ಸರ್ಕ್ಯೂಟಿಗೆ ಅದು ಗೊತ್ತೇ ಆಗುವುದಿಲ್ಲ. ಅಲ್ಲಿ ಕಿರಣ ಇಲ್ಲದೆ ಅಲ್ಲ, ವಿಪರೀತ ಇದ್ದದ್ದಕ್ಕೇ ಸೊನ್ನೆ ಬಂದಿತ್ತು. ಮೇ 1ರಂದು ವ್ಯಾನ್ ಅಲೆನ್ ಇದನ್ನು ಜಗತ್ತಿಗೆ ತಿಳಿಸಿದರು. ಭೂಮಿಯ ಸುತ್ತಲಿನ ಆ ವಿಕಿರಣ ಪಟ್ಟಿಗಳಿಗೆ ಅವರದೇ ಹೆಸರು ಉಳಿಯಿತು.

ಈಗಿನ ಒಳ್ಳೆಯ ಮೀಟರ್‌ಗಳು ಹೀಗೆ ಸೊನ್ನೆಗೆ ಬೀಳುವುದಿಲ್ಲ, ಮುಳ್ಳು ತುದಿಯಲ್ಲೇ ನಿಲ್ಲುತ್ತದೆ. ಆದರೂ ಹೊಸ ಹುಡುಗರ ಕೈಗೆ ಮೀಟರ್ ಕೊಡುವ ಮೊದಲು ಈ ಕಥೆ ಪೂರ್ತಿ ಹೇಳುತ್ತೇನೆ. ಮುಳ್ಳು ಏರಿ ದಿಢೀರನೆ ಇಳಿದರೆ ಏನು ಮಾಡುತ್ತೀಯ ಅಂತ ಕೇಳುತ್ತೇನೆ. "ಬಂದ ದಾರೀಲೇ ಹಿಂದೆ ಬರ್ತೀನಿ ಸಾರ್" ಅಂದವರನ್ನೇ ಸೋರ್ಸ್ ಸುತ್ತ ಕಟ್ಟಿದ ಹಗ್ಗದ ಒಳಗೆ ಬಿಡುವುದು.