ಮಾತಾಡುವ ಕನ್ನಡಕ ಯಾಕೆ ಮಾಡುವುದಿಲ್ಲ?

ಕಣ್ಣು ಕಾಣದವರು ಮೈಮೇಲೆ ಧರಿಸುವ ಸಾಧನ ಮಾಡುತ್ತೇನೆ ಎಂದರೆ ಸಾಕು, ಕಾರವಾರದಲ್ಲಿ ಯಾರೇ ಆಗಲಿ ಕೇಳುವುದು ಇದನ್ನೇ: "ಈಗ ಎಐ ಬಂದಿದೆಯಲ್ಲ ಮಾರಾಯ್ರೇ, ಎದುರಿಗೆ ಏನಿದೆ ಅಂತ ಕನ್ನಡದಲ್ಲೇ ಹೇಳುವ ಕನ್ನಡಕ ಮಾಡಬಾರದೇ? ಇನ್ನೂ ಕೋಲು ಯಾಕೆ?"

ಕೂತು ಮಾಡುವ ಕೆಲಸಕ್ಕೆ ಅಂಥ ಕನ್ನಡಕ ಒಳ್ಳೆಯದೇ. ಪತ್ರ ಓದಬಹುದು, ಮಾತ್ರೆಯ ಹೆಸರು ತಿಳಿಯಬಹುದು. (ನೋಟು ಗುರುತಿಸಲು ರಿಸರ್ವ್ ಬ್ಯಾಂಕಿನ ಮಣಿ ಆ್ಯಪ್ 2020ರಿಂದಲೇ ಇದೆ, ಮೊಬೈಲ್ ಸಾಕು.) ನಡೆಯುವಾಗಿನ ಲೆಕ್ಕವೇ ಬೇರೆ. "ಎದುರಿಗೆ ಲಾರಿ ನಿಂತಿದೆ" ಎಂದು ಅದು ಹೇಳಿ ಮುಗಿಸುವಷ್ಟರಲ್ಲಿ ನಾವು ಎರಡು ಹೆಜ್ಜೆ ಮುಂದೆ ಹೋಗಿರುತ್ತೇವೆ. ನಾನು ಮಾಡುವ ಸಾಧನದಲ್ಲಿರುವುದು ಅಲ್ಟ್ರಾಸಾನಿಕ್ ಸೆನ್ಸರ್: ನಮ್ಮ ಕಿವಿಗೆ ಕೇಳದ ಸದ್ದು ಬಿಟ್ಟು, ಅದು ಅಡ್ಡಿಗೆ ಬಡಿದು ವಾಪಸ್ ಬಂದದ್ದನ್ನು ಹಿಡಿಯುತ್ತದೆ. ಆ ಸದ್ದು 3 ಮೀಟರ್ ದೂರದ ಲಾರಿಗೆ ಬಡಿದು ವಾಪಸ್ ಬರಲು ಸೆಕೆಂಡಿನ 50ನೇ ಒಂದು ಭಾಗವೂ ಬೇಡ. ಮೈಗೆ ತಾಗಿದ ಪುಟ್ಟ ಮೋಟರ್ ಗುಂಯ್ ಎಂದು ನಡುಗಿದರೆ ಮುಗಿಯಿತು.

ಇನ್ನು ಕಿವಿ. ಮಳೆಗಾಲದಲ್ಲಿ ಟಾರ್ಪಾಲಿನ ಮೇಲಿನ ಸದ್ದೇ ಅರ್ಧ ಪೇಟೆಯನ್ನು ನುಂಗಿರುತ್ತದೆ. ಉಳಿದರ್ಧದಲ್ಲಿ ಬಸ್ಸು ಯಾವ ಕಡೆ ತಿರುಗಿತು, ಮೀನು ಮಾರ್ಕೆಟ್ ಎಷ್ಟು ದೂರ ಎಂದು ಹುಡುಕುವವರ ಕಿವಿಯಲ್ಲಿ ವಟಗುಟ್ಟುವುದು ಉಪಕಾರವಲ್ಲ.

ನೆಲದ ವಿಷಯದಲ್ಲಿ ಕೋಲನ್ನು ಮೀರಿಸಿದ್ದು ನನಗಂತೂ ಸಿಕ್ಕಿಲ್ಲ. ಸಿರ್ಸಿ ಕಡೆ ತೋಟದ ಹಳ್ಳಕ್ಕೆ ಅಡಿಕೆ ಮರದ ಸಂಕ (ಕಾಲುಸೇತುವೆ) ಹಾಕಿರುತ್ತಾರೆ. ಮುಂದಕ್ಕೆ ನೋಡುವ ಸೆನ್ಸರಿಗೆ ಸಂಕ ಇದ್ದರೂ ಒಂದೇ, ಕೊಚ್ಚಿ ಹೋಗಿದ್ದರೂ ಒಂದೇ: ದಾರಿ ಖಾಲಿ! ಕೋಲಿಗೆ ಸಿಗದ್ದು ಸೊಂಟದಿಂದ ಮೇಲಿನದು: ಲಾರಿಯ ಹಿಂಬಾಗಿಲು, ಬಾಗಿದ ತಗಡು, ಜೋತುಬಿದ್ದ ತೆಂಗಿನ ಮಡಲು. ದೆಹಲಿ ಐಐಟಿಯ ಸ್ಮಾರ್ಟ್‌ಕೇನ್ 2014ರಲ್ಲಿ ಬಂದಾಗಲೂ ಸೆನ್ಸರನ್ನು ಕೋಲಿಗೇ ಕೂರಿಸಿತ್ತು, ಕೋಲನ್ನು ಬಿಡಿಸಲಿಲ್ಲ.

ನಾನು ಸೆನ್ಸರನ್ನು ಮೈಗೆ ಕಟ್ಟುತ್ತೇನೆ, ಹಳೆಯ ಕೋಲೇ ಸಾಕಾಗಲಿ ಎಂದು. ಎದೆಯ ಮೇಲೆ ಕಟ್ಟಿದರೆ ಕೊಡೆಯ ಹಿಡಿಕೆಯೇ ಅದಕ್ಕೆ ಅಡ್ಡಿಯಾಗಿ ಕಂಡು ಮಳೆ ನಿಲ್ಲುವವರೆಗೂ ಗುಂಯ್‌ಗುಡುತ್ತದೆ. ತೀರಾ ಹತ್ತಿರದಿಂದ ವಾಪಸ್ ಬರುವ ಸದ್ದನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಹಾಗೆ ಮಾಡಬಹುದು. ಸೀರೆ ಉಟ್ಟವರ ಸೆರಗಿಗೆ ಆ ಉಪಾಯ ನಡೆಯದು, ಬಟ್ಟೆ ಸದ್ದನ್ನೇ ಹೀರುತ್ತದೆ. ಹಾಗಾಗಿ ಈಗ ಅದು ಚೀಲದ ಪಟ್ಟಿಯಲ್ಲಿ, ಹೆಗಲ ಹತ್ತಿರ. ಮೋಟರ್ ಮಾತ್ರ ಕೊಡೆ ಹಿಡಿದ ಕೈಯ ತೋಳಿನಲ್ಲಿ, ಯಾಕೆಂದರೆ ಕೋಲಿನ ಕೈಗೆ ನೆಲದ ಸುದ್ದಿಯೇ ಬೇಕಾದಷ್ಟಿದೆ. ಚಾರ್ಜಿಂಗ್ ತೂತು ಬೇಡವೆಂದು ಅಂಗಡಿಯಲ್ಲಿ ಸಿಗುವ ಪೆನ್ಸಿಲ್ ಸೆಲ್ ಹಾಕಿದ್ದೇನೆ. ಉಪ್ಪುಗಾಳಿಗೆ ತೂತು ಕಿಲುಬುತ್ತದೆ, ಮಳೆಗಾಲದ ಕರೆಂಟನ್ನು ನಂಬುವ ಹಾಗೂ ಇಲ್ಲ.

ಇಷ್ಟಾದರೂ ಸೆನ್ಸರಿಗೆ ಸರಿಯಾಗಿ ಸಿಗದ್ದು ಟಾರ್ಪಾಲಿನ ಸಪೂರ ಹಗ್ಗ. ಅಂಗಡಿಯವರೇ, ಅದನ್ನು ಫುಟ್‌ಪಾತಿಗೆ ಅಡ್ಡ ಎಳೆಯಬೇಡಿ. ಎಳೆಯಲೇಬೇಕಾದರೆ ನೀಲಿ ಬಿಟ್ಟು ಹಳದಿ ಹಗ್ಗ ತನ್ನಿ, ಮಬ್ಬಾಗಿ ಕಾಣುವವರಿಗಾದರೂ ಕಂಡೀತು.