ಇಬ್ಬರು ಮೇಷ್ಟ್ರು, ಒಂದು ಜಗಳ

ಹಳೆಯ ವಿದ್ಯಾರ್ಥಿಗಳು ಹಾಸ್ಟೆಲ್ ಊಟದ ಬಗ್ಗೆ ಬರೆಯೋದು ವಾಡಿಕೆ. ನಾನು ಕಾರ್ಮಿಕ ಕಾನೂನಿನ ಬಗ್ಗೆ ಬರೆಯುತ್ತಿದ್ದೇನೆ, ಸ್ವಲ್ಪ ಸಹಿಸಿಕೊಳ್ಳಿ.

ನಮ್ಮ ಕಾಲೇಜಿನಲ್ಲಿ ಬಿ.ಎ. ಮುಗಿಸಿ ನಾನು ಹೋಗಿದ್ದು ಅಮೆರಿಕದ ಮ್ಯಾಡಿಸನ್‌ಗೆ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ. ಅಲ್ಲಿ ಒಂದು ಸೆಮಿನಾರನ್ನು ಇಬ್ಬರು ಸೇರಿ ನಡೆಸುತ್ತಿದ್ದರು. ಒಬ್ಬರು ಇತಿಹಾಸದ ಮೇಡಂ, ಇನ್ನೊಬ್ಬರು ಲಾ ಪ್ರೊಫೆಸರ್. ಇಬ್ಬರೂ ಕೂಡಿ ಪುಸ್ತಕ ಬೇರೆ ಬರೆಯುತ್ತಿದ್ದರು. ಅವರ ಜಗಳವೇ ನಮಗೆ ಪಾಠ.

ಗುಂಪಾಗಿ ಬರೆಯೋದು ಆ ಊರಿನ ಹಳೇ ಅಭ್ಯಾಸ. 1904ರಲ್ಲಿ ಅಲ್ಲಿಗೆ ಬಂದ ಅರ್ಥಶಾಸ್ತ್ರಜ್ಞ ಜಾನ್ ಕಾಮನ್ಸ್ ತಮ್ಮ ಶಿಷ್ಯರನ್ನು ಕಟ್ಟಿಕೊಂಡು ಹಳೇ ಪತ್ರಿಕೆ, ಸಂಘಗಳ ಕಾಗದಪತ್ರ, ಕೋರ್ಟ್ ದಾಖಲೆ ಎಲ್ಲವನ್ನೂ ಹುಡುಕಿ 1910-11ರಲ್ಲಿ 10 ಸಂಪುಟದ ದಾಖಲೆ ಸಂಗ್ರಹ ತಂದರು. ಅದರಲ್ಲಿ ಎರಡು ಸಂಪುಟ ಪೂರ್ತಿ ಒಳಸಂಚಿನ ಮೊಕದ್ದಮೆಗಳು, ಅಂದರೆ ಕೆಲಸಗಾರರು ಒಟ್ಟುಗೂಡಿದ್ದೇ ಅಪರಾಧ ಅಂತ ಹಾಕಿದ ಕೇಸುಗಳು. 1806ರಲ್ಲಿ ಫಿಲಡೆಲ್ಫಿಯಾದ ಬೂಟು ಹೊಲಿಯುವವರು ಒಟ್ಟಾಗಿ ಜಾಸ್ತಿ ಕೂಲಿ ಕೇಳಿದ್ದಕ್ಕೆ ತಲಾ 8 ಡಾಲರ್ ದಂಡ ಬಿತ್ತಲ್ಲ, ಆ ಕೇಸಿನ ವಾದವಿವಾದ ನಾನು ಓದಿದ್ದು ಅಲ್ಲೇ. 1918ರಲ್ಲಿ ಅಮೆರಿಕದ ಕಾರ್ಮಿಕರ ಇತಿಹಾಸ ಎರಡು ಸಂಪುಟದಲ್ಲಿ ಬಂತು. ಒಂದೊಂದು ಭಾಗ ಒಬ್ಬೊಬ್ಬರದು, ಹೆಲೆನ್ ಸಮ್ನರ್ ಬರೆದ ಭಾಗಕ್ಕೆ ಅವರದೇ ಹೆಸರು. ಆದರೂ ಜನ ಇವತ್ತಿಗೂ ಅದನ್ನು ಕಾಮನ್ಸ್ ಪುಸ್ತಕ ಅಂತಲೇ ಕರೆಯೋದು! ಮೇಡಂಗೆ ಇದರ ಬಗ್ಗೆ ಸಿಟ್ಟಿತ್ತು. ನನಗೂ ಅದು ಸರಿ ಅನ್ನಿಸುವುದಿಲ್ಲ.

ಇನ್ನು ಜಗಳಕ್ಕೆ ಬರೋಣ. ಅಮೆರಿಕದ ಕಾರ್ಮಿಕರು ತಮ್ಮದೇ ದೊಡ್ಡ ಪಕ್ಷ ಯಾಕೆ ಕಟ್ಟಲಿಲ್ಲ? ಕಾಮನ್ಸ್ ಶಿಷ್ಯ ಸೆಲಿಗ್ ಪರ್ಲ್‌ಮನ್ ಹೇಳಿದ್ದು, ಕೆಲಸಗಾರನಿಗೆ ಬೇಕಿರೋದು ಕ್ರಾಂತಿ ಅಲ್ಲ, ತನ್ನ ಕೆಲಸದ ಭದ್ರತೆ ಅಂತ. ಮೇಡಂ ಹೆಚ್ಚುಕಡಿಮೆ ಅದನ್ನೇ ಒಪ್ಪುತ್ತಿದ್ದರು. ಲಾ ಪ್ರೊಫೆಸರ್ ಮಾತ್ರ ಎಲ್ಲದಕ್ಕೂ ಕೋರ್ಟಿನ ಕಡೆ ಬೆರಳು ತೋರಿಸುತ್ತಿದ್ದರು. ಅವರ ಅಸ್ತ್ರ ಸಿಗಾರ್ ಕೇಸು. ನ್ಯೂಯಾರ್ಕಿನ ವಠಾರಗಳಲ್ಲಿ, ಅಡುಗೆ ಮಾಡಿ ಮಲಗುವ ಕೋಣೆಯಲ್ಲೇ, ಇಡೀ ಕುಟುಂಬ ಕೂತು ಸಿಗಾರ್ ಸುತ್ತುತ್ತಿತ್ತು. ಸಿಗಾರ್ ಕೆಲಸಗಾರರ ಸಂಘದ ನಾಯಕ ಸ್ಯಾಮುಯೆಲ್ ಗೊಂಪರ್ಸ್ ಮತ್ತು ಸಂಘದವರು ಶಾಸಕರ ಬೆನ್ನು ಹತ್ತಿ ಅದನ್ನು ನಿಷೇಧಿಸುವ ಕಾನೂನು ಮಾಡಿಸಿದರೆ, 1885ರಲ್ಲಿ ರಾಜ್ಯದ ಮೇಲಿನ ಕೋರ್ಟ್ ಅದನ್ನು ಹೊಡೆದುಹಾಕಿತು. ಮನುಷ್ಯ ತನ್ನ ಮನೆಯಲ್ಲಿ ದುಡಿಯುವ ಸ್ವಾತಂತ್ರ್ಯಕ್ಕೆ ಧಕ್ಕೆ ಅಂತೆ. ಆಮೇಲೆ ಸಂಘದವರು ಮುಷ್ಕರ ಹೂಡಿಯೇ ಮಾಲೀಕರನ್ನು ಬಗ್ಗಿಸಿದರು. ಗೆದ್ದ ಕಾನೂನನ್ನೂ ಕೋರ್ಟು ಕಿತ್ತುಕೊಂಡರೆ ಶಾಸನಸಭೆಯನ್ನು ಯಾರು ನಂಬುತ್ತಾರೆ ಹೇಳಿ, ಅನ್ನೋದು ಪ್ರೊಫೆಸರ್ ವಾದ. ಹಾಗಾದರೆ ಇಂಗ್ಲೆಂಡಿನ ಕೋರ್ಟುಗಳು ಕಾರ್ಮಿಕರನ್ನು ಮುದ್ದು ಮಾಡಿದವಾ, ಅಲ್ಲಿ ಪಕ್ಷ ಹೇಗೆ ಹುಟ್ಟಿತು ಅಂತ ಮೇಡಂ ತಿರುಗಿಸಿ ಕೇಳುತ್ತಿದ್ದರು. ಕಾಫಿ ಆರಿಹೋಗುತ್ತಿತ್ತು.

ನಾನು ಸುಮ್ನೆ ಕೂರುವವಳಲ್ಲ, ಮದ್ರಾಸಿನ ಕತೆ ತೆಗೆದೆ. ಅಲ್ಲಿ ಬಟ್ಟೆ ಗಿರಣಿಗಳ ಬಿನ್ನಿ ಕಂಪನಿ ಮದ್ರಾಸ್ ಲೇಬರ್ ಯೂನಿಯನ್ ಅಧ್ಯಕ್ಷ ಬಿ.ಪಿ. ವಾಡಿಯಾ ಮೇಲೆ ದಾವೆ ಹಾಕಿ ಹೈಕೋರ್ಟಿನಿಂದ ತಡೆಯಾಜ್ಞೆ ತಂದಿತ್ತು. ಆ ಗಲಾಟೆಯ ಬೆನ್ನಿಗೇ ನಮ್ಮಲ್ಲಿ 1926ರ ಕಾರ್ಮಿಕ ಸಂಘಗಳ ಕಾಯ್ದೆ ಬಂದಿದ್ದು. ಅದರ 17 ಮತ್ತು 18ನೇ ಕಲಂ ಒಳಸಂಚಿನ ಆರೋಪದಿಂದ, ಸಿವಿಲ್ ದಾವೆಯಿಂದ ನೋಂದಾಯಿತ ಸಂಘಕ್ಕೆ ರಕ್ಷಣೆ ಕೊಟ್ಟವು. ಅಮೆರಿಕದಲ್ಲಿ ಇಂಥ ತಡೆಯಾಜ್ಞೆಗೆ ಗಟ್ಟಿ ಕಡಿವಾಣ ಬಿದ್ದಿದ್ದು 1932ರಲ್ಲಿ, ನಾರಿಸ್-ಲಗಾರ್ಡಿಯಾ ಕಾಯ್ದೆಯಿಂದ. ಅಂದರೆ ನಾವೇ ಮೊದಲು!

ಪ್ರೊಫೆಸರ್ ಖುಷಿಯಾಗಿ ನೋಟ್ಸ್ ಮಾಡಿಕೊಂಡರು. ಮೇಡಂ ಮಾತ್ರ, ಆ ಕಾಯ್ದೆ ಮಾಡಿದ್ದು ಬ್ರಿಟಿಷ್ ಸರ್ಕಾರ ಅಲ್ವಾ, ಅದಕ್ಕೇನು ಲಾಭ ಇತ್ತು, ಅದನ್ನು ಹುಡುಕಿ ಬರೆದುಕೊಂಡು ಬಾ ಅಂದರು. ನನ್ನ ಪ್ರಬಂಧದ ವಿಷಯ ಹಾಗೆ ಸಿಕ್ಕಿದ್ದು.