"ಹೊಸಾದ ತಂದ್ರ ಮುಗೀತಲ್ರಿ?" ಅಂತ ಕೇಳುವವರಿಗೆ

ನಮ್ಮ ಮನೆ ವರಾಂಡದಲ್ಲಿ ಬಿಚ್ಚಿಟ್ಟ ಕುರ್ಚಿ ಕಾಲು, ಪಾಲಿಶ್ ಪೇಪರ್, ಸಾಲು ಸಾಲು ಡಬ್ಬಿ ನೋಡಿದವರೆಲ್ಲ ಕೇಳುವ ಪ್ರಶ್ನೆ ಒಂದೇ. "ಇಷ್ಟ್ಯಾಕ ತ್ರಾಸ ತಗೋತೀರಿ? ಹೊಸಾದ ತಂದ್ರ ಮುಗೀತಲ್ರಿ?" ನೆಂಟರು ಕೇಳುತ್ತಾರೆ, ಓಣಿಯವರು ಕೇಳುತ್ತಾರೆ, ಫೋಟೋ ನೋಡಿದ ಗೆಳತಿಯರು ಫೋನ್ ಮಾಡಿ ಕೇಳುತ್ತಾರೆ. ನಾನು ಮತ್ತು ನಮ್ಮ ಮನೆಯವರು ಬೆಳಗಾವಿಯ ಟಿಳಕವಾಡಿಯಲ್ಲಿ ಇರುವವರು. ಯಾರೋ ಬಳಸಿ ಬಿಟ್ಟ ಕಟ್ಟಿಗೆ ಸಾಮಾನು ತಂದು, ಇಬ್ಬರೂ ಸೇರಿ ಮನೆಯಲ್ಲೇ ಸರಿ ಮಾಡಿಕೊಂಡು ಬಳಸುತ್ತೇವೆ. ಬಾಗಿಲಲ್ಲಿ ನಿಂತು ಒಂದು ಮಾತಿನಲ್ಲಿ ಹೇಳಿ ಮುಗಿಸುವ ಉತ್ತರ ಇದಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಮಾತು ಮುಗಿಸಿಬಿಡುತ್ತೇನೆ. ಹಳೆ ಸಾಗವಾನಿ ಟೇಬಲ್ಲು ಹೊಸ ಸಾಗವಾನಿ ಟೇಬಲ್ಲಿಗಿಂತ ಅಗ್ಗ, ನಿಜ. ಆದರೆ ಟೆಂಪೋ ಬಾಡಿಗೆ, ಪಾಲಿಶ್ ಸಾಮಾನು, ಬೆತ್ತ ಹೆಣೆಯುವವರ ಕೂಲಿ, ನಮ್ಮಿಬ್ಬರ ಎಷ್ಟೋ ಭಾನುವಾರ, ಎಲ್ಲ ಲೆಕ್ಕ ಹಿಡಿದರೆ ಪುಕ್ಕಟೆ ಏನೂ ಬೀಳುವುದಿಲ್ಲ. ದುಡ್ಡು ಉಳಿಸಲಿಕ್ಕೆ ಈ ಕೆಲಸಕ್ಕೆ ಇಳಿಯಿರಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ನನ್ನ ಉತ್ತರ ಇಷ್ಟು: ಹಳೆ ಸಾಮಾನನ್ನು ಬಿಚ್ಚಲಿಕ್ಕೆ ಬರುತ್ತದೆ. ಬಿಚ್ಚಿ, ಒಳಗೆ ಏನಾಗಿದೆ ನೋಡಿ, ಸರಿ ಮಾಡಿ, ಮತ್ತೆ ಕೂಡಿಸಲಿಕ್ಕೆ ಬರುತ್ತದೆ. ಮುಂದೆ ಯಾರೋ ಒಬ್ಬರು ಬಿಚ್ಚಬೇಕಾದೀತು ಅಂತ ಗೊತ್ತಿದ್ದೇ ಬಡಿಗೇರರು ಅದನ್ನು ಹಾಗೆ ಮಾಡಿದ್ದಾರೆ.

ಈಗ ಅಂಗಡಿಯಲ್ಲಿ ಸಿಗುವ ಎಷ್ಟೋ ಸಾಮಾನು ಪಾರ್ಟಿಕಲ್ ಬೋರ್ಡಿನದು. ಕಟ್ಟಿಗೆ ಚೂರಿಗೆ ಅಂಟು ಬೆರೆಸಿ, ಬಿಸಿಯಲ್ಲಿ ಒತ್ತಿ ಹಲಗೆ ಮಾಡಿ, ಮೇಲೆ ತೆಳ್ಳನೆ ಹಾಳೆ ಅಂಟಿಸಿರುತ್ತಾರೆ. ನೋಡಲಿಕ್ಕೆ ಚೆಂದ. ಆದರೆ ಒಮ್ಮೆ ನೀರು ಒಳಗೆ ಹೋದರೆ ಉಬ್ಬುತ್ತದೆ, ಒಣಗಿದ ಮೇಲೂ ಮೊದಲಿನಂತೆ ಆಗುವುದಿಲ್ಲ. ಸ್ಕ್ರೂ ಸಡಿಲಾದರೆ ಅದೇ ತೂತಿನಲ್ಲಿ ಮತ್ತೆ ಗಟ್ಟಿಯಾಗಿ ಹಿಡಿಯುವುದು ಕಷ್ಟ. ಬೆಳಗಾವಿಯ ಮಳೆಗಾಲ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಮದುವೆಯಾದ ಹೊಸದರಲ್ಲಿ ಒಂದು ಅಂಗಡಿಯಿಂದ ತಂದ ಕಪಾಟಿನ ತಳದ ಹಲಗೆ ಹೀಗೇ ಉಬ್ಬಿತು. ರಿಪೇರಿಗೆ ಕರೆದವರು ಕೈಯಿಂದ ಒತ್ತಿ ನೋಡಿ, "ಇದಕ್ಕ ಏನೂ ಮಾಡಾಕ ಬರೂದಿಲ್ರಿ, ಒಗದಬಿಡ್ರಿ" ಅಂದರು. ಆ ಮಾತು ನಮ್ಮಿಬ್ಬರಿಗೂ ಬಹಳ ಹತ್ತಿತು. ಇನ್ನೂ ಹೊಸದು ಅನ್ನಿಸುವ ಸಾಮಾನು, ಒಗೆಯುವುದು ಬಿಟ್ಟರೆ ಬೇರೆ ದಾರಿಯೇ ಇಲ್ಲ ಅಂದರೆ ಹೇಗೆ?

ನನ್ನ ತವರು ಬಾಗಲಕೋಟೆ. ಆಲಮಟ್ಟಿ ಹಿನ್ನೀರಿಗೆ ಹಳೆ ಊರಿನ ಎಷ್ಟೋ ಓಣಿಗಳು ಮುಳುಗಡೆಯಾಗಿ, ಜನ ನವನಗರಕ್ಕೆ ಬಂದದ್ದು ಆ ಕಡೆಯವರಿಗೆಲ್ಲ ಗೊತ್ತು. ನಮ್ಮ ಅಜ್ಜ ಮನೆ ಬಿಡುವಾಗ ಗೋಡೆಗಳನ್ನು ಅಲ್ಲೇ ಬಿಟ್ಟರು. ಬಾಗಿಲು, ಚೌಕಟ್ಟು, ತೊಲೆ ಬಿಚ್ಚಿಸಿ ತಂದರು. ಅಡುಗೆಮನೆಯ ಕಪಾಟನ್ನೂ ಬಿಚ್ಚಿಸಿದರು. ಅದರಲ್ಲಿ ಒಂದೂ ಸ್ಕ್ರೂ ಇಲ್ಲ. ಬೆಣೆ ಹೊಡೆದು ತೆಗೆದರೆ ಹಲಗೆ ಹಲಗೆ ಬೇರೆಯಾಗುತ್ತದೆ. ಅದನ್ನು ಹೊಸ ಮನೆಯಲ್ಲಿ ಮತ್ತೆ ಕೂಡಿಸಿದರು. ಈಗ ಅದು ನಮ್ಮ ಮನೆಯಲ್ಲಿದೆ, ನಾವೂ ಒಮ್ಮೆ ಬಿಚ್ಚಿ ಕೂಡಿಸಿದ್ದೇವೆ. ಮಸಾಲೆ ಡಬ್ಬಿ ಅದರಲ್ಲೇ ಇಡುತ್ತೇನೆ.

ಹಳೆ ಸಾಮಾನು ಎಲ್ಲಿ ಸಿಗುತ್ತದೆ ಅಂತಲೂ ಕೇಳುತ್ತಾರೆ. ಬೆಳಗಾವಿಯಲ್ಲಿ ಅದಕ್ಕೆ ಬರವಿಲ್ಲ. ಇದು ಕ್ಯಾಂಟೋನ್ಮೆಂಟ್ ಊರು. ಮರಾಠಾ ಲೈಟ್ ಇನ್ಫಂಟ್ರಿಯ ಕೇಂದ್ರ ಇಲ್ಲೇ ಇದೆ, ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಶಾಲೆ ಇದೆ. ವರ್ಗ ಆದವರು ಎಲ್ಲವನ್ನೂ ಹೊತ್ತುಕೊಂಡು ಹೋಗಲಿಕ್ಕಾಗುವುದಿಲ್ಲ. ಹಳೆ ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವವರ ಹತ್ತಿರವೂ ಸಿಗುತ್ತದೆ.

ಕೊಳ್ಳುವಾಗ ನಾವು ಮೇಲೆ ನೋಡುವುದಕ್ಕಿಂತ ಕೆಳಗೆ ನೋಡುವುದು ಜಾಸ್ತಿ. ಸಾಮಾನನ್ನು ತಿರುಗಿಸಿ ಹಾಕಿ ನೋಡಬೇಕು. ಪಾಲಿಶ್ ಇಲ್ಲದ ಅಡಿಭಾಗ ಸುಳ್ಳು ಹೇಳುವುದಿಲ್ಲ. ಅಂಚಿನಲ್ಲಿ ಪದರ ಪದರ ಕಂಡರೆ ಅದು ಪ್ಲೈವುಡ್. ಡ್ರಾಯರ್ ಹೊರಗೆಳೆದು ಮೂಲೆ ನೋಡಿ. ಎರಡು ಕೈಯ ಬೆರಳು ಒಂದರೊಳಗೊಂದು ಹೆಣೆದ ಹಾಗೆ ಹಲಗೆಗಳು ಕೂಡಿದ್ದರೆ, ಕೆಲಸ ಬಲ್ಲವರು ಮಾಡಿದ್ದು ಅಂತ ಅರ್ಥ. ಸಣ್ಣ ಸಣ್ಣ ತೂತು, ಕೆಳಗೆ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಒಳಗೆ ಹುಳ ಇದೆ. ಅಂಥದ್ದನ್ನು ಎಷ್ಟೇ ಚೆಂದ ಇದ್ದರೂ ತರುವುದಿಲ್ಲ, ಮನೆಯಲ್ಲಿರುವ ಉಳಿದದ್ದಕ್ಕೂ ಹತ್ತುತ್ತದೆ. ಸಾಗವಾನಿ ಅಂದ ಮಾತ್ರಕ್ಕೆ ಧೈರ್ಯ ಬೇಡ. ಗೆದ್ದಲು ತಡೆಯುವ ಗುಣ ಇರುವುದು ಮರದ ಒಳಗಿನ ಕಂದು ಭಾಗಕ್ಕೆ. ಹೊರಗಿನ ಬಿಳಿಚಿದ ಭಾಗಕ್ಕೆ ಅದಿಲ್ಲ. ಅಲುಗಾಡುವ ಕುರ್ಚಿ ಸಿಕ್ಕರೆ ಮಾತ್ರ ನಮಗೆ ಖುಷಿ. ಅದು ಬಿಚ್ಚಲಿಕ್ಕೆ ತಯಾರಾಗಿ ಕೂತಿದೆ.

ಅಲುಗಾಡುವ ಕುರ್ಚಿಗೆ ಬಹಳ ಜನ ಮಾಡುವ ಉಪಾಯ ಮೊಳೆ ಹೊಡೆಯುವುದು. ದಯವಿಟ್ಟು ಹೊಡೆಯಬೇಡಿ. ಕುರ್ಚಿಯ ಸಂದಿನಲ್ಲಿ ಒಂದು ಕಟ್ಟಿಗೆಯ ತುದಿ ಇನ್ನೊಂದರ ಕಿಂಡಿಯೊಳಗೆ ಕೂತಿರುತ್ತದೆ. ಮಳೆಗಾಲದಲ್ಲಿ ಕಟ್ಟಿಗೆ ಹಿಗ್ಗುತ್ತದೆ, ಬ್ಯಾಸಿಗೆಯಲ್ಲಿ ಕುಗ್ಗುತ್ತದೆ. ವರ್ಷಾನುಗಟ್ಟಲೆ ಹೀಗೇ ಆಗಿ ಒಳಗಿನ ಅಂಟು ಬಿಟ್ಟಿರುತ್ತದೆ, ಅಷ್ಟೇ. ಕಟ್ಟಿಗೆ ಗಟ್ಟಿಯಾಗೇ ಇರುತ್ತದೆ. ಮೊಳೆ ಹೊಡೆದರೆ ಆ ತುದಿಯೇ ಸೀಳುತ್ತದೆ. ಆಮೇಲೆ ಬಿಚ್ಚುವವರಿಗೆ ದೇವರೇ ಗತಿ.

ನಾವು ಮಾಡುವುದು ಹೀಗೆ. ಮೊದಲು ಪ್ರತಿ ಕಾಲಿಗೂ ಅಡ್ಡಪಟ್ಟಿಗೂ ಕಾಗದದ ಟೇಪ್ ಹಚ್ಚಿ, ಯಾವುದು ಯಾವುದಕ್ಕೆ ಕೂಡುತ್ತದೆ ಅಂತ ಬರೆಯುತ್ತೇವೆ. ನೋಡಲಿಕ್ಕೆ ನಾಲ್ಕೂ ಕಾಲು ಒಂದೇ ಥರ ಇದ್ದರೂ, ಕೈಯಲ್ಲಿ ಮಾಡಿದ ಸಂದು ಅದರದ್ದೇ ಜೋಡಿಗೆ ಮಾತ್ರ ಸರಿ ಕೂಡುತ್ತದೆ. ಸಂದಿಗೆ ಬಿದಿರಿನ ಮೊಳೆ ಇದ್ದರೆ ಅದನ್ನು ಮೊದಲು ತೆಗೆಯಬೇಕು. ಆಮೇಲೆ ಹಳೆ ಬಟ್ಟೆ ಅಡ್ಡ ಹಿಡಿದು ಕೊಡತಿಯಿಂದ ಮೆಲ್ಲಗೆ ತಟ್ಟಿದರೆ ಸಂದು ಬಾಯಿ ಬಿಡುತ್ತದೆ. ಒಳಗೆ ಒಣಗಿ ಹೋದ ಹಳೆ ಅಂಟು ಕಂದು ಬಣ್ಣಕ್ಕೆ ತಿರುಗಿ ಹಿಡಿದುಕೊಂಡಿರುತ್ತದೆ. ಅದನ್ನು ಪೂರ್ತಿ ಕೆರೆಯಬೇಕು. ಫೆವಿಕಾಲ್ ಹಿಡಿಯುವುದು ಕಟ್ಟಿಗೆಯನ್ನು, ಹಳೆ ಅಂಟನ್ನಲ್ಲ. ನಮ್ಮ ಮನೆಯವರು ಇದನ್ನು ಉಳಿಯ ತುದಿಯಿಂದ, ತೆಳ್ಳಗೆ, ಕಟ್ಟಿಗೆ ಕಡಿಮೆಯಾಗದ ಹಾಗೆ ಕೆರೆಯುತ್ತಾರೆ. ಅವಸರ ಮಾಡುವುದೇ ಇಲ್ಲ. ಸಾಗವಾನಿಯಲ್ಲಿ ಎಣ್ಣೆ ಅಂಶ ಇರುವುದರಿಂದ ಥಿನ್ನರ್ ಅದ್ದಿದ ಬಟ್ಟೆಯಿಂದ ಒಮ್ಮೆ ಒರೆಸಿ, ಅದು ಆರಿದ ಮೇಲೇ ಅಂಟು.

ಅಂಟು ಹಚ್ಚಿದ ಮೇಲೆ ನಾಲ್ಕು ಕೈ ಬೇಕೇ ಬೇಕು. ಎಲ್ಲ ಸಂದುಗಳನ್ನೂ ಕೂಡಿಸಿ ಕುರ್ಚಿಯನ್ನು ಸಪಾಟಾದ ಫರ್ಸಿ ಕಲ್ಲಿನ ನೆಲದ ಮೇಲೆ ನಿಲ್ಲಿಸುತ್ತೇವೆ. ಕಾಲುಗಳ ಸುತ್ತ ಎರಡು ಸುತ್ತು ಹಗ್ಗ ಕಟ್ಟಿ, ನಡುವೆ ಒಂದು ಗಟ್ಟಿ ಕಡ್ಡಿ ತೂರಿಸಿ ತಿರುವಿದರೆ ಹಗ್ಗ ಬಿಗಿಯುತ್ತಾ ಹೋಗುತ್ತದೆ. ಅವರು ತಿರುವುತ್ತಾರೆ. ನಾನು ಕುರ್ಚಿ ಹಿಡಿದು, ಒಂದು ಮೂಲೆಯಿಂದ ಎದುರು ಮೂಲೆಗೆ ಟೇಪ್ ಹಿಡಿದು ಅಳೆಯುತ್ತೇನೆ. ಎರಡೂ ಕಡೆಯ ಅಳತೆ ಒಂದೇ ಬಂದರೆ ಕುರ್ಚಿ ಚೌಕಾಗಿದೆ. ಹೆಚ್ಚುಕಡಿಮೆ ಬಂದರೆ, "ಇನ್ನ ಸ್ವಲ್ಪ ನಿಮ್ಮ ಕಡೆ ಜಗ್ಗರಿ" ಅನ್ನುತ್ತೇನೆ. ಸಂದಿನಿಂದ ಹೊರಗೆ ಬಂದ ಅಂಟನ್ನು ಹಸಿ ಬಟ್ಟೆಯಿಂದ ಆಗಲೇ ಒರೆಸಬೇಕು. ಅಲ್ಲಿ ಅಂಟು ಉಳಿದರೆ ಪಾಲಿಶ್ ಹಿಡಿಯದೆ ಬಿಳಿ ಮಚ್ಚೆ ಕಾಣುತ್ತದೆ. ಆಮೇಲೆ ಮರುದಿನದವರೆಗೆ ಯಾರೂ ಮುಟ್ಟುವ ಹಾಗಿಲ್ಲ. ಹೀಗೆ ಕೂಡಿಸಿದ ಕುರ್ಚಿಯಲ್ಲಿ ಮೊದಲ ಸಲ ಕೂತು ಹಿಂದಕ್ಕೆ ಒರಗಿದಾಗ ಒಂದು ಚೂರೂ ಸಪ್ಪಳ ಬರುವುದಿಲ್ಲ. ಆ ಸಮಾಧಾನ ಅಂಗಡಿಯಿಂದ ತಂದ ಯಾವ ಸಾಮಾನಿನಲ್ಲೂ ನನಗೆ ಸಿಕ್ಕಿಲ್ಲ.

ಪಾಲಿಶ್ ನನ್ನ ಪಾಲಿನ ಕೆಲಸ. ಇಲ್ಲೂ ಅದೇ ಮಾತು ಹೇಳುತ್ತೇನೆ. ಹಳೆ ಪಾಲಿಶ್ ಕೂಡ ರಿಪೇರಿ ಆಗುವಂಥದ್ದು. ಹಳೆ ಸಾಮಾನಿಗೆ ಬಹಳ ಸಲ ಚಪಡಾ ಹಚ್ಚಿರುತ್ತಾರೆ. ಅದು ಅರಗು. ಮುತ್ತುಗದಂಥ ಮರದ ಮೇಲೆ ಅರಗಿನ ಹುಳ ಬಿಡುವ ರಾಳದಿಂದ ಮಾಡಿದ್ದು. ಅದರ ತೆಳು ಚಕ್ಕೆಗಳನ್ನು ಪಾಲಿಶ್ ಕೆಲಸಕ್ಕೆ ಬಳಸುವ ಆಲ್ಕೋಹಾಲ್, ಅಂದರೆ ಸ್ಪಿರಿಟ್‌ನಲ್ಲಿ ರಾತ್ರಿಯಿಡೀ ನೆನೆಹಾಕಿದರೆ ಕರಗುತ್ತದೆ. ಯಾವ ಪಾಲಿಶ್ ಅಂತ ತಿಳಿಯಬೇಕಾ? ಕಾಣದ ಜಾಗದಲ್ಲಿ ಹತ್ತಿಗೆ ಸ್ಪಿರಿಟ್ ಅದ್ದಿ ಉಜ್ಜಿ. ಅಂಟಂಟಾಗಿ ಬಣ್ಣ ಬಿಟ್ಟರೆ ಚಪಡಾ. ಸ್ಪಿರಿಟ್‌ಗೆ ಜಗ್ಗದೆ ಥಿನ್ನರ್‌ಗೆ ಕರಗಿದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಪಿಯು (ಪಾಲಿಯುರೆಥೇನ್) ಅಥವಾ ಮೆಲಮೈನ್ ಎಂಬ ಗಟ್ಟಿ ಪಾಲಿಶ್ ಇರಬಹುದು, ಅದನ್ನು ಕೆರೆಯದೆ ವಿಧಿಯಿಲ್ಲ.

ಚಪಡಾ ಆಗಿದ್ದರೆ ಪೂರ್ತಿ ಕೆರೆಯಬೇಕಾಗಿಲ್ಲ. ಹೊಸ ಪದರದ ಸ್ಪಿರಿಟ್ ಹಳೆ ಪದರವನ್ನು ಸ್ವಲ್ಪ ಕರಗಿಸುತ್ತದೆ, ಎರಡೂ ಒಂದಾಗುತ್ತವೆ. ಬಿಸಿ ಚಹಾ ಲೋಟ ಇಟ್ಟು ಬಿಳಿ ಉಂಗುರ ಬಿದ್ದರೂ, ಸ್ಪಿರಿಟ್ ಸೋಕಿಸಿದ ಬಟ್ಟೆಯಿಂದ ಹಗುರಾಗಿ ಸವರಿದರೆ ಬಹಳ ಸಲ ಹೋಗುತ್ತದೆ. ಹಚ್ಚಲಿಕ್ಕೆ ಬ್ರಶ್ ಬೇಡ. ನಮ್ಮ ಮಾವನವರ ಹಳೆ ಧೋತರದ ತುಂಡಿನಲ್ಲಿ ಹತ್ತಿ ಸುತ್ತಿ ಉಂಡೆ ಮಾಡಿಕೊಳ್ಳುತ್ತೇನೆ. ಎಷ್ಟೋ ಸಲ ಒಗೆದ ಮೆತ್ತನೆಯ ಅರಿವೆ, ನೂಲು ಬಿಡುವುದಿಲ್ಲ. ಉಂಡೆಯನ್ನು ಎಲ್ಲೂ ನಿಲ್ಲಿಸದೆ ಸುತ್ತು ಸುತ್ತಾಗಿ ಆಡಿಸುತ್ತಾ ಹೋಗಬೇಕು. ನಿಂತರೆ ಅಲ್ಲೇ ಅಂಟಿ ಕಲೆ ಬೀಳುತ್ತದೆ. ತೆಳುವಾಗಿ ಹಚ್ಚಬೇಕು, ಒಣಗಲು ಬಿಡಬೇಕು, ಮತ್ತೆ ಹಚ್ಚಬೇಕು. ನಾಲ್ಕೈದು ಪದರ ಆದ ಮೇಲೆ ಕಟ್ಟಿಗೆಯ ಎಳೆ ಒಳಗಿನಿಂದ ಎದ್ದು ಕಾಣತೊಡಗುತ್ತದೆ. ಹತ್ತಿರದಲ್ಲಿ ಒಲೆ, ದೀಪ ಏನೂ ಇರಬಾರದು. ಸ್ಪಿರಿಟ್ ಬೇಗ ಬೆಂಕಿ ಹಿಡಿಯುತ್ತದೆ.

ಬೆಂಕಿ ಅಂದಾಗ ಅಗಸಿ ಎಣ್ಣೆಯ ಮಾತೂ ಹೇಳಬೇಕು. ನಮಗೆ ಅಗಸಿ ಚಟ್ನಿ ಗೊತ್ತು, ಅದೇ ಅಗಸಿ ಬೀಜದ ಎಣ್ಣೆ ಕಟ್ಟಿಗೆಗೂ ಒಳ್ಳೆಯದು. ಆದರೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಗಾಳಿಯ ಜೊತೆ ಸೇರಿ ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ಮುದ್ದೆಯೊಳಗೆ ಆ ಬಿಸಿ ಹೊರಗೆ ಹೋಗದೆ ತಾನಾಗೇ ಬೆಂಕಿ ಹತ್ತಬಹುದು. ಬಿಡಿಸಿ ಹೊರಗೆ ಹರವಿ, ಇಲ್ಲವೆಂದರೆ ನೀರಿನಲ್ಲಿ ಅದ್ದಿಡಿ.

ಇನ್ನೊಂದು ಎಚ್ಚರಿಕೆ ಹಳೆ ಆಯಿಲ್ ಪೇಂಟಿನದು. ನಮ್ಮ ದೇಶದಲ್ಲಿ ಮನೆಗೆ ಬಳಸುವ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆ ಪೇಂಟಿನಲ್ಲಿ ಸೀಸ ಎಷ್ಟಾದರೂ ಇರಬಹುದು. ಒಣ ಪೇಪರ್ ಹಾಕಿ ಉಜ್ಜಿದರೆ ಆ ಪುಡಿ ಮನೆಯೆಲ್ಲ ಹರಡುತ್ತದೆ, ಮಕ್ಕಳಿಗೆ ಬಹಳ ಕೆಟ್ಟದ್ದು. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ, ಬಸುರಿಯರಿದ್ದರೆ ಪೇಂಟ್ ಬಳಿದ ಹಳೆ ಸಾಮಾನು ತರಲೇಬೇಡಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಗಂಡ ಹೆಂಡತಿ ಸೇರಿ ಮಾಡಿದರೆ ಜಗಳ ಆಗಲ್ವಾ ಅಂತ ಗೆಳತಿಯರು ಕೇಳುತ್ತಾರೆ. ಸಂದಿನ ವಿಷಯದಲ್ಲಿ ಅವರ ಮಾತು, ಪಾಲಿಶ್ ವಿಷಯದಲ್ಲಿ ನನ್ನ ಮಾತು, ಅದು ತಾನಾಗೇ ಹಂಚಿಕೆಯಾಗಿದೆ. ಬಣ್ಣಕ್ಕೆ ಮಾತ್ರ ವಾದ ನಡೆಯುತ್ತದೆ. ಅವರಿಗೆ ದಟ್ಟ ಕಂದು ಬಣ್ಣ ಇಷ್ಟ. ನನಗೆ ಸಾಗವಾನಿಗೆ ಬಣ್ಣ ಹಾಕುವುದೇ ಒಪ್ಪಿಗೆ ಇಲ್ಲ, ಬೆಳಕು ಬಿದ್ದು ಅದೇ ತಾನಾಗಿ ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ಹಾಗಾಗಿ ಟೇಬಲ್ಲಿನ ಅಡಿಯಲ್ಲಿ ಎರಡನ್ನೂ ಹಚ್ಚಿ, ಬೆಳಗಿನ ಬಿಸಿಲಿನಲ್ಲೊಮ್ಮೆ, ರಾತ್ರಿ ಟ್ಯೂಬ್‌ಲೈಟಿನಲ್ಲೊಮ್ಮೆ ಇಬ್ಬರೂ ನೋಡುತ್ತೇವೆ. ಕಣ್ಣಿಗೆ ಕಂಡ ಮೇಲೆ ವಾದ ಬಹಳ ಹೊತ್ತು ನಡೆಯುವುದಿಲ್ಲ.

ನೀವೂ ಶುರು ಮಾಡುವುದಾದರೆ ಮಳೆಗಾಲದಲ್ಲಿ ಬೇಡ. ಹವೆಯಲ್ಲಿ ತೇವ ಇದ್ದಾಗ ಚಪಡಾ ಹಚ್ಚಿದರೆ ಬಿಳಿ ಮಂಜು ಕಟ್ಟುತ್ತದೆ. ಜುಲೈನಲ್ಲಿ ಡ್ರಾಯರ್ ಬಿಗಿಯಾಯಿತು ಅಂತ ರಂದಾ ಹೊಡೆದು ಕಟ್ಟಿಗೆ ಹೆರೆಯಲೂ ಬೇಡಿ. ಈಗ ಸರಿ ಅನ್ನಿಸಿದರೂ ಮಾರ್ಚ್‌ನಲ್ಲಿ ಅದು ಸಡಿಲಾಗುತ್ತದೆ. ಸುಮ್ನೆ ಜಾರುವ ಅಂಚಿಗೆ ಮೇಣದಬತ್ತಿ ಉಜ್ಜಿ. ದಸರೆ ಮುಗಿದು ಬಿಸಿಲು ಬಿದ್ದ ಮೇಲೆ ಒಂದು ಸಣ್ಣ ಸ್ಟೂಲಿನಿಂದ ಶುರು ಮಾಡಿ. 120, 180, 220 ನಂಬರಿನ ಪಾಲಿಶ್ ಪೇಪರ್ (ನಂಬರ್ ಹೆಚ್ಚಿದಂತೆ ನುಣುಪು), ಒಂದು ಡಬ್ಬಿ ಫೆವಿಕಾಲ್, ಎರಡು ಸುತ್ತಿಗೆ ಸಾಲುವಷ್ಟು ಹಗ್ಗ, ಸ್ವಲ್ಪ ಚಪಡಾ, ಸ್ಪಿರಿಟ್ ಇಷ್ಟು ಸಾಕು. ಪೇಪರನ್ನು ಯಾವಾಗಲೂ ಎಳೆಯ ಉದ್ದಕ್ಕೇ ಉಜ್ಜಿ, ನಡುವಿನ ನಂಬರ್ ಬಿಡಬೇಡಿ. ಬಿಟ್ಟರೆ ಪಾಲಿಶ್ ಬಿದ್ದ ಮೇಲೆ ಗೀರುಗಳೆಲ್ಲ ಕಾಣುತ್ತವೆ. ಸ್ಟೂಲ್ ಕೊಳ್ಳಲೂ ಬೇಕಾಗಿಲ್ಲ. ನೆಂಟರಲ್ಲಿ ಯಾರದಾದರೂ ಮನೆ ಅಟ್ಟದ ಮೇಲೆ ಕಾಲು ಅಲುಗಾಡುವ ಒಂದು ಇದ್ದೇ ಇರುತ್ತದೆ, ಅದನ್ನೇ ಕೇಳಿ ತನ್ನಿ.